ಐದು ನಕ್ಷತ್ರದ ಕಾರು, ಲೆಕ್ಕಕ್ಕಿಲ್ಲದ ಜೀವ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ - ಈ ಭಾಗದ ಯಾವ ಊರಿನ ಚಹಾ ಹೋಟೆಲಿನಲ್ಲಿ ಕುಳಿತರೂ ಯುವಕರ ಒಂದು ಚರ್ಚೆ ಕಿವಿಗೆ ಬೀಳುತ್ತದೆ. ಯಾವ ಗಾಡಿ ಚಲೋ? ಮಾರುತಿಯ ಮೈಲೇಜ್ ದೊಡ್ಡದೋ, ಟಾಟಾದ ಗಟ್ಟಿತನ ದೊಡ್ಡದೋ? ಮಹೀಂದ್ರಾದ ಪಿಕಪ್ ಮುಂದೆ ಹುಂಡೈ ನಿಂತೀತೇ? ಹೀಗೆ ವಾದಿಸುವ ಎಷ್ಟೋ ಮಂದಿಯ ಮನೆಯಲ್ಲಿ ಕಾರಿಲ್ಲ, ಇರುವುದು ಒಂದು ಬೈಕು. ಅದರಲ್ಲಿ ತಪ್ಪೇನೂ ಇಲ್ಲ. ತೊಗರಿ ಬೆಳೆದವನ ಮಗ, ಕಲ್ಲುಗಣಿಯಲ್ಲಿ ದುಡಿದವನ ಮಗ ಕಾರಿನ ಕನಸು ಕಂಡರೆ ನಮಗೆ ಸಂತೋಷವೇ. ನಮ್ಮ ತಕರಾರು ಆ ಕನಸಿನ ಜೊತೆಜೊತೆಗೇ ಬೆಳೆಯುತ್ತಿರುವ ಜಂಭದ ಬಗ್ಗೆ.

'ಮುಳ್ಳು ನೂರಿಪ್ಪತ್ತು ಮುಟ್ಟಿತ್ತು, ಅರ್ಧ ಗಂಟೆಯಲ್ಲಿ ಕಲಬುರಗಿ' ಎನ್ನುವುದು ಆ ಜಂಭದ ಭಾಷೆ. ಸ್ವಲ್ಪ ಲೆಕ್ಕ ಹಾಕೋಣ. ಐವತ್ತು ಕಿಲೋಮೀಟರ್ ದಾರಿಯನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗಿದರೆ 50 ನಿಮಿಷ, 100ರ ವೇಗದಲ್ಲಿ 30 ನಿಮಿಷ. ಉಳಿಯುವುದು ಇಪ್ಪತ್ತೇ ನಿಮಿಷ. ಅದೂ ಸಿಮೆಂಟ್ ಲಾರಿ, ಎತ್ತಿನ ಬಂಡಿ, ಕುರಿಹಿಂಡು ಯಾವುದೂ ಅಡ್ಡ ಬರದಿದ್ದರೆ ಮಾತ್ರ. ಹೀಗೆ ಉಳಿಸಿದ ಇಪ್ಪತ್ತು ನಿಮಿಷವನ್ನು ಉಳಿಸಿದ ಕತೆ ಹೇಳುವುದರಲ್ಲೇ ಕಳೆಯುತ್ತೇವೆ! ಇಷ್ಟಕ್ಕಾಗಿ ತೆರುವ ಬೆಲೆ ಏನು? 100ರ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎದುರಿಗೆ ಮಗು ಬಂದದ್ದನ್ನು ಕಣ್ಣು ಕಂಡು, ಕಾಲು ಬ್ರೇಕ್ ಒತ್ತುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದು ಹೈಸ್ಕೂಲಿನ ವಿಜ್ಞಾನದ ಪಾಠ.

'ನಮ್ಮದು ಫೈವ್ ಸ್ಟಾರ್ ಗಾಡಿ' ಎಂಬುದು ಇನ್ನೊಂದು ವಾದ. ಕಾರುಗಳ ಸುರಕ್ಷತೆಯನ್ನು ಅಳೆಯುವ ಭಾರತ್ ಎನ್‌ಕ್ಯಾಪ್ ವ್ಯವಸ್ಥೆ 2023ರ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಜಾರಿಗೆ ಬಂತು. ಅದು ಒಳ್ಳೆಯ ಹೆಜ್ಜೆ. ಆದರೆ ಅಲ್ಲಿ ಕಾರನ್ನು ಎದುರಿನಿಂದ ಡಿಕ್ಕಿ ಹೊಡೆಸುವುದು 64 ಕಿ.ಮೀ. ವೇಗದಲ್ಲಿ. ನೂರಿಪ್ಪತ್ತರಲ್ಲಿ ಓಡುವವನಿಗೆ ಆ ನಕ್ಷತ್ರಗಳು ಯಾವ ಭರವಸೆಯನ್ನೂ ಕೊಟ್ಟಿಲ್ಲ. ಮೇಲಾಗಿ ಅವು ಮುಖ್ಯವಾಗಿ ಕಾರಿನೊಳಗೆ ಕುಳಿತವರ ರಕ್ಷಣೆಯ ಅಳತೆ. ಒಳಗಿದ್ದವರಿಗಾದರೂ ಬೆಲ್ಟ್ ಹಾಕಿದರೆ ಮಾತ್ರ ಅದು ಪೂರ್ತಿ ದಕ್ಕುತ್ತದೆ. ಟಾಟಾ ಸಮೂಹದ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡರು. ಅವರು ಮರ್ಸಿಡಿಸ್ ಕಾರಿನ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ.

ನಮ್ಮ ಚರ್ಚೆಗಳಲ್ಲಿ ಬಾರದವರು ಯಾರು? ಸೈಕಲ್ಲಿನ ಕಾರ್ಮಿಕ, ಹೊಲದಿಂದ ಮರಳುವ ಹೆಂಗಸರು, ಟಂಟಂನ ಹೊರಗೆ ಜೋತುಬಿದ್ದ ಕಾಲೇಜು ಹುಡುಗ, ರಸ್ತೆಯಂಚಿನಲ್ಲಿ ಶಾಲೆಗೆ ನಡೆಯುವ ಮಕ್ಕಳು. ಇವರಿಗೆ ಏರ್‌ಬ್ಯಾಗ್ ಇಲ್ಲ, ನಕ್ಷತ್ರವೂ ಇಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವುಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣ. ಸತ್ತವರಲ್ಲಿ ಸುಮಾರು ಮೂರನೇ ಎರಡು ಪಾಲು 18ರಿಂದ 45 ವರ್ಷದೊಳಗಿನವರು, ಅಂದರೆ ಮನೆಗೆ ಅನ್ನ ತರುವ ವಯಸ್ಸಿನವರು.

'ನಮ್ಮನ್ನೇ ಯಾಕೆ ಬೈಯುತ್ತೀರಿ, ರಸ್ತೆ ನೋಡಿ, ಲಾರಿಗಳನ್ನು ನೋಡಿ' ಎಂದು ಯುವಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ದೇಶದ ಸೇತುವೆ, ಹೆದ್ದಾರಿಗಳಿಗೆ ಸಿಮೆಂಟ್ ಕೊಡುವ ನೆಲ ಇದು. ಶಹಾಬಾದ್ ಕಲ್ಲು ಎಷ್ಟೋ ಊರುಗಳ ಮನೆಯಂಗಳದಲ್ಲಿದೆ. ಆದರೂ ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಲ್ಲಿ ಪಾದಚಾರಿಗೆ ಒಂದು ಅಡಿ ದಾರಿ ಬಿಡದ ರಸ್ತೆಗಳಿವೆ. ಹಿಂದಿನ ಲೈಟೂ ಇಲ್ಲದೆ ರಾತ್ರಿ ರಸ್ತೆಯಂಚಿಗೆ ನಿಂತ ಲಾರಿಗಳಿವೆ. ಹಾಗಾದರೆ ನಾವು ಕೇಳುತ್ತೇವೆ: ಕಾರಿನ ಕಂಪೆನಿ ಒಂದು ಏರ್‌ಬ್ಯಾಗ್ ಕಡಿಮೆ ಕೊಟ್ಟರೆ ಅಷ್ಟು ಕೂಗಾಡುವ ನೀವು, ಶಾಲೆಯ ಮುಂದೆ ಒಂದು ವೇಗತಡೆಗಾಗಿ ಎಂದಾದರೂ ಅರ್ಜಿ ಕೊಟ್ಟಿದ್ದೀರಾ? ರಸ್ತೆ ಕೆಟ್ಟಿದೆ ಎಂಬುದು ನಿಧಾನವಾಗಿ ಹೋಗಲು ಕಾರಣವಾಗಬೇಕೇ ಹೊರತು ವೇಗಕ್ಕೆ ಸಮರ್ಥನೆ ಆಗದು.

ಹಿರಿಯರಿಗೂ ಒಂದು ಮಾತು. ಮದುವೆಯ ಬಾರಾತ್‌ನಲ್ಲಿ ಹದಿನಾರರ ಹುಡುಗನ ಕೈಗೆ ಕೀಲಿ ಕೊಟ್ಟು 'ನಮ್ಮ ಹುಡುಗ ಎಷ್ಟು ಚೆಂದ ಓಡಿಸುತ್ತಾನೆ' ಎಂದು ಬೀಗುವವರು ನಾವೇ ತಾನೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ. ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಆದರೆ ಹೋದ ಜೀವವನ್ನು ಯಾವ ದಂಡವೂ ತಂದುಕೊಡದು.

ಕಾರಿನ ಬಗ್ಗೆ ವಾದಿಸಿ, ಬೇಡವೆನ್ನುವುದಿಲ್ಲ. ಆ ವಾದದಲ್ಲಿ ಇನ್ನೂ ಕೆಲವು ಪ್ರಶ್ನೆಗಳು ಸೇರಲಿ. ಊರೊಳಗೆ ಬಂದಾಗ ವೇಗ ಎಷ್ಟಿಳಿಸುತ್ತೀ? ಎದುರಿನ ಬೈಕಿನವನಿಗೆ ಡಿಪ್ಪರ್ ಕೊಡುತ್ತೀಯಾ? ಹಿಂದೆ ಕುಳಿತ ತಾಯಿಗೆ ಬೆಲ್ಟ್ ಹಾಕಿಸುತ್ತೀಯಾ? ಇವಕ್ಕೆ ಹೌದೆನ್ನಲಾಗದವನು ಎಷ್ಟು ಲಕ್ಷದ ಗಾಡಿಯಲ್ಲಿ ಬಂದರೂ ಅವನನ್ನು ಒಳ್ಳೆಯ ಚಾಲಕನೆಂದು ಕರೆಯಲು ನಾವು ಸಿದ್ಧರಿಲ್ಲ.