ತಾಯಿಯ ಕೊನೆಯ ಸ್ನಾನ ಯಾರ ಕೈಯಿಂದ?

2020ರ ಜೂನ್‌ನಲ್ಲಿ ಬಳ್ಳಾರಿಯಲ್ಲಿ ಕೊರೋನಾದಿಂದ ಮೃತಪಟ್ಟವರ ದೇಹಗಳನ್ನು ಗುಂಡಿಗೆ ಎಸೆದ ದೃಶ್ಯ ಕಂಡು ನಾಡೇ ಮರುಗಿತು; ಜಿಲ್ಲಾಡಳಿತ ಕ್ಷಮೆ ಯಾಚಿಸಿತು. ಮೃತರ ಗೌರವದ ಕುರಿತು ಅಂದು ಗಟ್ಟಿಯಾಗಿ ಮಾತನಾಡಿದ ನಮ್ಮಲ್ಲಿ ಎಷ್ಟು ಮಂದಿಗೆ ಮಯ್ಯಿತ್‌ಗೆ ಗುಸ್ಲ್ ಮಾಡಿಸಲು ಬರುತ್ತದೆ? ಪಾರ್ವತಿನಗರದಲ್ಲಾಗಲಿ ಕುರುಗೋಡಿನಲ್ಲಾಗಲಿ ತಾಯಿ ಕೊನೆಯುಸಿರೆಳೆದರೆ ಹೆಣ್ಣುಮಕ್ಕಳು ಬಾಗಿಲಾಚೆ ಅಳುತ್ತ ನಿಲ್ಲಬೇಕೆ?

ಫರ್ಝ್ ಕಿಫಾಯ ಎಂದರೆ ಯಾರಿಗೋ ಬಿಟ್ಟುಬಿಡುವ ಕೆಲಸವಲ್ಲ. ಯಾರೂ ಮಾಡದಿದ್ದರೆ ಎಲ್ಲರೂ ದೋಷಿಗಳು. ಪ್ರವಾದಿವರ್ಯರ(ಸ) ಪುತ್ರಿ ನಿಧನರಾದಾಗ ಸ್ನಾನ ಮಾಡಿಸಿದವರು ಉಮ್ಮು ಅತಿಯ್ಯಾ(ರ) ಮತ್ತು ಸಂಗಡದ ಮಹಿಳೆಯರು. ಬಲಭಾಗದಿಂದ ಆರಂಭಿಸಿ, ಬೆಸ ಸಂಖ್ಯೆಯಲ್ಲಿ, ಬೋರೆ ಎಲೆಯ ನೀರಿನಿಂದ ತೊಳೆದು, ಕೊನೆಗೆ ಕರ್ಪೂರ ಬಳಸಲು ಪ್ರವಾದಿವರ್ಯರೇ(ಸ) ಅವರಿಗೆ ಕಲಿಸಿಕೊಟ್ಟರು.

ನಮ್ಮ ಹುಡುಗಿಯರಿಗೆ ಮೆಹಂದಿ ಕಲಿಸಲು ತರಗತಿಗಳಿವೆ! ಅನುಭವಿ ಮಹಿಳೆಯೊಬ್ಬರು ಹೆಣ್ಣಿನ ಕಫನ್‌ನ ಐದು ಬಟ್ಟೆಗಳನ್ನು ಅಳೆದು ಕತ್ತರಿಸಿ ತೋರಿಸಲು ಒಂದು ಮಧ್ಯಾಹ್ನ ಸಾಕು. ಜಮಾಅತ್‌ಗಳು ರಮಝಾನ್‌ವರೆಗೆ ಕಾಯಬೇಕಿಲ್ಲ.