ವೈರಿನ ಬಣ್ಣ ಕೇಳುವುದು ನಮ್ಮ ಕೆಲಸ

ಔಷಧಿ ಡಬ್ಬದ ಮೇಲೆ ಕೆಂಪು ತ್ರಿಕೋನ ಕಂಡರೆ ನಮ್ಮ ಕೈ ತಾನಾಗೇ ಹಿಂದೆ ಸರಿಯುತ್ತದೆ. ಕೆಂಪಿದ್ದರೆ ಘೋರ ವಿಷ, ಹಸಿರಿದ್ದರೆ ಕಮ್ಮಿ ವಿಷ ಅನ್ನೋದು ಓದು ಬಾರದವರಿಗೂ ಗೊತ್ತು. ಆದರೆ ಮನೆಗೆ ವೈರಿಂಗ್ ಮಾಡಿಸುವಾಗ ಯಾವ ವೈರಿಗೆ ಯಾವ ಬಣ್ಣ ಅಂತ ನಾವು ಕೇಳುವುದೇ ಇಲ್ಲ. ಸ್ವಿಚ್ ಒತ್ತಿದರೆ ಬಲ್ಬು ಹತ್ತಿತಾ, ಕೆಲಸ ಮುಗೀತು. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಲೆಕ್ಕ ಬಹಳ ಸುಲಭ. ಒಂದೇ ಫೇಸಿನ ಮನೆಯಲ್ಲಿ ಫೇಸಿಗೆ ಕೆಂಪು, ನ್ಯೂಟ್ರಲ್ಲಿಗೆ ಕಪ್ಪು, ಅರ್ತಿಂಗಿಗೆ ಹಸಿರು ಅಥವಾ ಹಳದಿ ಗೀಟಿನ ಹಸಿರು. ಮೂರು ಫೇಸ್ ಇದ್ದರೆ ಕೆಂಪು, ಹಳದಿ, ನೀಲಿ ಮೂರೂ ಫೇಸೇ. ಸ್ವಿಚ್ಚು ಯಾವಾಗಲೂ ಫೇಸ್ ವೈರಿನಲ್ಲೇ ಕೂರಬೇಕು. ಅಂದರೆ ಬಲ್ಬಿನ ಸ್ವಿಚ್ಚಿನ ಎರಡೂ ಸ್ಕ್ರೂಗಳಿಗೆ ಕೆಂಪೇ ಬರಬೇಕು. ಕಪ್ಪು ವೈರು ಸ್ವಿಚ್ಚಿಗೆ ತಾಗದೆ ನೇರ ಬಲ್ಬಿಗೆ ಹೋಗಬೇಕು. ನ್ಯೂಟ್ರಲ್ಲನ್ನು ಮಾತ್ರ ಕಡಿಯುವ ಸ್ವಿಚ್ ಹಾಕಬಾರದು ಎಂದು 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. ಇದು ಹೊಸ ಮಾತೇನಲ್ಲ.

ಕಪ್ಪಿಗೆ ಸ್ವಿಚ್ ಹಾಕಿದರೂ ಬಲ್ಬು ಹತ್ತುತ್ತದೆ, ಆರುತ್ತದೆ. ತೊಂದರೆ ಇರುವುದೇ ಅಲ್ಲಿ. ಬಲ್ಬು ಆರಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದು ಕೂತಿರುತ್ತದೆ. ಸ್ವಿಚ್ ಆರಿಸಿದ್ದೇನೆ ಅಂತ ನಂಬಿ ಹೆಂಗಸರೋ ಮಕ್ಕಳೋ ಬಲ್ಬು ಬದಲಿಸಲು ಹೋಗುತ್ತಾರೆ. ದನದ ಕೊಟ್ಟಿಗೆಯ ಹಸಿ ನೆಲ, ಬರಿಗಾಲು ಆದರಂತೂ ಮುಗಿದೇ ಹೋಯಿತು.

ಬೋರಿನ ಕೇಬಲ್ ಮನೆಗೆ ಬೇಡ

ನಮ್ಮ ಬಯಲುಸೀಮೆಯಲ್ಲಿ ಒಂದು ರೂಢಿ ಇದೆ. ಬೋರು ಬತ್ತಿದರೆ ಮೋಟರು ಎತ್ತುತ್ತೇವೆ, ಕೇಬಲ್ ಮನೆಯ ಅಟ್ಟ ಸೇರುತ್ತದೆ. ಆಮೇಲೆ ಕೊಟ್ಟಿಗೆಗೆ ಬಲ್ಬು ಹಾಕುವಾಗ ಅದನ್ನೇ ಎಳೆಯುತ್ತೇವೆ. ಆ ಕೇಬಲ್ಲಿನಲ್ಲಿ ಇರುವುದು ಕೆಂಪು, ಹಳದಿ, ನೀಲಿ. ಮೂರೂ ಫೇಸಿನ ಬಣ್ಣ, ಕಪ್ಪೂ ಇಲ್ಲ ಹಸಿರೂ ಇಲ್ಲ. ಯಾವುದು ನ್ಯೂಟ್ರಲ್ ಅನ್ನೋದು ಎಳೆದವನ ತಲೆಯಲ್ಲಿ ಮಾತ್ರ ಇರುತ್ತದೆ.

ಇನ್ನೊಂದು ತೊಡಕು ಇದೆ. ಈಗ ಬರುವ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ವೈರಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್ಲು. ಸ್ಟಾರ್ಟರಿನಲ್ಲಿ ನೀಲಿ ಅಂದರೆ ಫೇಸು, ಇಸ್ತ್ರಿಪೆಟ್ಟಿಗೆಯಲ್ಲಿ ಅದೇ ನೀಲಿ ನ್ಯೂಟ್ರಲ್ಲು! ಪಂಪ್‌ಸೆಟ್ಟಿನ ಲೆಕ್ಕವನ್ನು ಪ್ಲಗ್ಗಿಗೆ ತರಬೇಡಿ. ಹಸಿರು-ಹಳದಿ ಒಂದು ಮಾತ್ರ ಎಲ್ಲೆಡೆ ಅರ್ತಿಂಗೇ. ಅದನ್ನು ಬೇರೆ ಯಾವುದಕ್ಕೂ ಬಳಸಬಾರದು.

ನಮ್ಮೂರಿನ ಒಬ್ಬ ವೈರಿಂಗ್ ಹುಡುಗನಿಗೆ ಈ ವಿಷಯ ಹೇಳಿದೆ. "ಯಜಮಾನ್ರೇ, ಕರೆಂಟಿಗೇನು ಬಣ್ಣ ಕಾಣ್ತದಾ?" ಅಂದ. ಕರೆಂಟಿಗೆ ಕಾಣದು, ನಿಜ. ಆದರೆ ನಾಳೆ ಬೋರ್ಡು ಬಿಚ್ಚುವವನಿಗೆ ಕಾಣಬೇಕಲ್ಲ! ಭಾಗ್ಯಜ್ಯೋತಿ ಬಂದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಬಲ್ಬು. ಈಗ ಫ್ಯಾನು, ಮಿಕ್ಸಿ, ಟಿವಿ ಅಂತ ವರ್ಷಕ್ಕೊಮ್ಮೆ ಬೋರ್ಡು ಬಿಚ್ಚುತ್ತೇವೆ. ಪ್ರತಿ ಸಲ ಅದೇ ಹುಡುಗ ಬರುವುದಿಲ್ಲ. ಮೊದಲು ಮಾಡಿದವನು ಮುಂದೆ ಬರುವವನಿಗೆ ಬಿಟ್ಟುಹೋಗುವ ಗುರುತೇ ಬಣ್ಣ.

ಖರ್ಚು ಎಷ್ಟು?

ಒಂದೇ ಕಂಪನಿಯ ಒಂದೇ ಗಾತ್ರದ ವೈರಿಗೆ ಕೆಂಪಾದರೂ ಕಪ್ಪಾದರೂ ಬೆಲೆ ಒಂದೇ. ತೊಂದರೆ ಬರುವುದು ಕಾಯಿಲ್ಲಿನಲ್ಲಿ. 90 ಮೀಟರಿನ ಕಾಯಿಲ್ಲು ಮೂರು ಬಣ್ಣದಲ್ಲಿ ತಂದರೆ ಸಣ್ಣ ಮನೆಗೆ ಜಾಸ್ತಿಯಾಗುತ್ತದೆ. ಅದಕ್ಕೇ ಒಂದೇ ಬಣ್ಣ ತಂದು ಎಲ್ಲಕ್ಕೂ ಎಳೆಯುತ್ತಾರೆ. ಎರಡು ಮೂರು ಮನೆಯವರು ಸೇರಿ ಬೀಜ, ಗೊಬ್ಬರ ತರುವುದಿಲ್ಲವೇ? ವೈರನ್ನೂ ಹಾಗೇ ತಂದು ಹಂಚಿಕೊಳ್ಳಬಹುದು. ಅದೂ ಆಗದಿದ್ದರೆ ಪ್ರತಿ ವೈರಿನ ಎರಡೂ ತುದಿಗೆ ಕೆಂಪು, ಕಪ್ಪು, ಹಸಿರು ಟೇಪು ಸುತ್ತಿಸಿ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ.

ಬಣ್ಣ ನೋಡಿ, ಟೆಸ್ಟರ್ ಹಿಡಿಸಿ

ಬಣ್ಣ ಸರಿಯಿದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಡಿ. ಗಾಳಿಮಳೆಗೆ ಸರ್ವಿಸ್ ವೈರ್ ಹರಿದು, ಕಂಬದಲ್ಲಿ ಮತ್ತೆ ಕಟ್ಟುವಾಗ ಫೇಸು ನ್ಯೂಟ್ರಲ್ಲು ಅದಲು ಬದಲಾದರೆ ಇಡೀ ಮನೆಯ ಕಪ್ಪು ವೈರು ಫೇಸಾಗಿಬಿಡುತ್ತದೆ. ಹಾಗಾಗಿ ಹೊಸ ವೈರಿಂಗ್ ಆದಾಗ, ಸರ್ವಿಸ್ ವೈರ್ ಮತ್ತೆ ಕಟ್ಟಿದಾಗ, ವೈರ್‌ಮನ್ ಕೈಲೇ ಈ ಪರೀಕ್ಷೆ ಮಾಡಿಸಿ. ಮೊದಲು ಟೆಸ್ಟರನ್ನು ಕರೆಂಟ್ ಇರುವ ಕಡೆ ಹಿಡಿದು ಅದು ಸರಿಯಿದೆಯೇ ನೋಡಲಿ. ಮೇನ್ ಆರಿಸಿ ಬಲ್ಬು ತೆಗೆಯಲಿ. ಬಲ್ಬಿನ ಸ್ವಿಚ್ ಆರಿಸಿಯೇ ಇಟ್ಟು ಮೇನ್ ಹಾಕಲಿ. ಈಗ ಹೋಲ್ಡರಿನ ಎರಡೂ ಪಿನ್ನಿಗೆ ಟೆಸ್ಟರ್ ಹಿಡಿದರೆ ಅದು ಹತ್ತಬಾರದು. ಹತ್ತಿದರೆ ಎಲ್ಲೋ ತಪ್ಪಿದೆ, ಸರಿಮಾಡಿಸಿಯೇ ಬಿಡಬೇಕು. ಪ್ಲಗ್ಗಿನಲ್ಲಿ ಎದುರಿಗೆ ನಿಂತು ನೋಡಿದಾಗ ಬಲಗಡೆಯ ತೂತಿನಲ್ಲಿ ಮಾತ್ರ ಟೆಸ್ಟರ್ ಹತ್ತಬೇಕು. ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಮಿಣಮಿಣ ಅನ್ನುತ್ತಿದ್ದರೆ ಅದಕ್ಕೂ ಪರೀಕ್ಷೆ ಮಾಡಿಸಿ. ಸ್ವಿಚ್ಚಿನಲ್ಲಿ ಸಣ್ಣ ಸೂಚಕ ದೀಪವಿದ್ದರೆ ಹಾಗಾಗುವುದುಂಟು, ಅದಿಲ್ಲದಿದ್ದರೆ ಸ್ವಿಚ್ಚು ನ್ಯೂಟ್ರಲ್ಲಿಗೆ ಬಿದ್ದಿರಬಹುದು.

ಕೂಲಿಯ ಕೊನೆಯ ಕಂತನ್ನು ಈ ಪರೀಕ್ಷೆ ಮುಗಿದ ಮೇಲೆ ಕೊಡಿ. ವೈರ್‌ಮನ್‌ಗಳಿಗೆ ಈ ನಿಯಮ ಗೊತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಕೇಳುವವರಿಲ್ಲ ಅಂತ ಬಿಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಹಿಡಿದು ನೋಡುವ ನಾವು, ಮಕ್ಕಳು ಮಲಗುವ ಮನೆಯ ವೈರು ನೋಡದಿದ್ದರೆ ಹೇಗೆ? ಬೇರೆ ಊರುಗಳಲ್ಲಿ ಇದಕ್ಕೆ ಏನು ಏರ್ಪಾಡು ಮಾಡಿಕೊಂಡಿದ್ದೀರಿ, ಓದುಗರು ಪತ್ರಿಕೆಗೆ ಬರೆಯಬೇಕು.