ಜಗಳ ಮುಗಿದ ಮೇಲೆ

ಕಳೆದ ರಜೆಯಲ್ಲಿ ಮಕ್ಕಳೊಂದಿಗೆ ದೇವಬಾಗದ ಕಡಲ ತೀರಕ್ಕೆ ಹೋಗಿದ್ದೆವು. ಮರಳುವಾಗ ಕಾಳಿ ನದಿಯ ಸೇತುವೆ ದಾಟಿ ಕಾರವಾರದ ಟ್ಯಾಗೋರ್ ಕಡಲ ತೀರದಲ್ಲಿ ಇಳಿದೆವು. ಅಲ್ಲಿ ಚಪಲ್ ಯುದ್ಧನೌಕೆಯ ಹತ್ತಿರ ದೊಡ್ಡದೊಂದು ಟುಪೊಲೆವ್ ವಿಮಾನ ನಿಂತಿದೆ. 1988ರಿಂದ 2017ರ ವರೆಗೆ ನಮ್ಮ ನೌಕಾಪಡೆ ಇಂಥ ವಿಮಾನಗಳಿಂದ ಸಮುದ್ರ ಕಾಯುತ್ತಿತ್ತು. ನಿವೃತ್ತಿಯಾದ ವಿಮಾನವನ್ನು ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ಲಾರಿಗಳಲ್ಲಿ ತಂದು ಇಲ್ಲಿ ಜೋಡಿಸಿದ್ದಾರೆ.

"ಉಮ್ಮಾ, ಹಾರದ ವಿಮಾನವನ್ನು ಗುಜರಿಗೆ ಹಾಕುವುದಿಲ್ಲವೇ?" ಎಂದು ಮಗಳು ಕೇಳಿದಳು. ಹಾಕುತ್ತಾರೆ. ಆದರೆ ಹಾರುವ ವಿಮಾನವನ್ನೇ ಒಡೆದು ಹಾಕಿದ ಕಾಲವೂ ಇತ್ತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ 18 ಸಾವಿರಕ್ಕೂ ಹೆಚ್ಚು ಲಿಬರೇಟರ್ ಬಾಂಬರ್‌ಗಳನ್ನು ತಯಾರಿಸಿತು. ಮಿಷಿಗನ್‌ನ ವಿಲ್ಲೋ ರನ್ ಕಾರ್ಖಾನೆಯಲ್ಲಿ ಸಾವಿರಾರು ಮಹಿಳೆಯರು ದುಡಿದರು. 1944ರಲ್ಲಿ ಅಲ್ಲಿ ಗಂಟೆಗೊಂದು ವಿಮಾನ ಸಿದ್ಧವಾಗುತ್ತಿತ್ತು. ಲೆಂಡ್-ಲೀಸ್ ಕಾನೂನಿನಡಿ ಬ್ರಿಟನ್‌ಗೂ ಇಂಥ ವಿಮಾನಗಳು ಸಿಕ್ಕಿದವು. ಯುದ್ಧ ಮುಗಿದ ಮೇಲೆ ಅವುಗಳನ್ನು ಹಿಂದಿರುಗಿಸಬೇಕಿತ್ತು, ಇಲ್ಲವೇ ಯಾರಿಗೂ ಉಪಯೋಗಕ್ಕೆ ಬಾರದಂತೆ ಮಾಡಬೇಕಿತ್ತು. ಕಾನ್ಪುರದಲ್ಲಿದ್ದ ವಿಮಾನಗಳಿಗೆ ಬ್ರಿಟಿಷರು ಲಾರಿ ಗುದ್ದಿಸಿದರು, ಎಂಜಿನ್‌ಗಳಿಗೆ ಮರಳು ಸುರಿದರು. ನಂತರ ಹಾಗೆಯೇ ಬಿಟ್ಟು ಹೊರಟುಹೋದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಆರಂಭವಾಗಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್‌ರಿಗೆ ಅದಕ್ಕಾಗಿ ಮೈಸೂರು ಸಂಸ್ಥಾನದ ಬೆಂಬಲ ಕೊಡಿಸಿದವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಅದೇ ಕಾರ್ಖಾನೆಯ ಕೆಲಸಗಾರರು 1948ರಲ್ಲಿ ಕಾನ್ಪುರದ ಆ ರಾಶಿಗೆ ಕೈ ಹಚ್ಚಿದರು. ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರಲು ಬೇಕಾದಷ್ಟು ಮಾತ್ರ ದುರಸ್ತಿ ಮಾಡಿದರು. ಪೈಲಟ್ ಜಿಮ್ಮಿ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ತಿ ರಿಪೇರಿಯಾದ ನಲ್ವತ್ತರಷ್ಟು ವಿಮಾನಗಳು ನಮ್ಮ ವಾಯುಪಡೆ ಸೇರಿದವು. ಕೊನೆಯವು 1968ರ ವರೆಗೂ ಸೇವೆಯಲ್ಲಿದ್ದವು. ಅವುಗಳಲ್ಲಿ ಕೆಲವನ್ನು ನಂತರ ಬ್ರಿಟನ್ ಮತ್ತು ಅಮೆರಿಕದ ಮ್ಯೂಸಿಯಂಗಳೇ ಕೇಳಿ ಪಡೆದುಕೊಂಡವು!

ಈ ಕಥೆಯನ್ನು ಮಗಳಿಗೆ ಹೇಳುವಾಗ ನನಗೆ ಪರಿಚಯದ ಒಂದು ಮನೆ ನೆನಪಾಯಿತು. ಅಲ್ಲಿನ ಹುಡುಗಿಯ ಸಂಸಾರ ಮುರಿಯಿತು. ಹಿರಿಯರು ಕೂತು ಮಾತಾಡಿ ವಸ್ತುಗಳನ್ನು ಮರಳಿಸಲು ಒಪ್ಪಿಸಿದರು. ವಸ್ತುಗಳೇನೋ ಬಂದವು. ಆದರೆ ಕಪಾಟಿನ ಕನ್ನಡಿ ಒಡೆದಿತ್ತು, ಹೊಲಿಗೆ ಯಂತ್ರದ ಚಕ್ರ ಮುರಿದಿತ್ತು. ಯಾರಿಗೆ ಏನು ಲಾಭವಾಯಿತು? ನನಗಿಲ್ಲದ್ದು ಅವಳಿಗೂ ಬೇಡ ಎಂಬ ಹಟ, ಅಷ್ಟೇ.

ಆಸ್ತಿ ಪಾಲಾಗುವಾಗ ಫಲ ಕೊಡುವ ಮಾವಿನ ಮರ ಕಡಿಯುವ ಅಣ್ಣತಮ್ಮಂದಿರನ್ನೂ ನಾವು ನೋಡುತ್ತೇವೆ. ಜಗಳದಲ್ಲಿ ಆಗುವ ನಷ್ಟ ಒಂದಾದರೆ, ಜಗಳ ಮುಗಿದ ಮೇಲೆ ನಾವಾಗಿ ಮಾಡುವ ನಷ್ಟ ಇನ್ನೊಂದು. ಬೇರೆಯಾಗುವ ದಂಪತಿ ಕೂಡ ಪರಸ್ಪರ ಔದಾರ್ಯವನ್ನು ಮರೆಯಬಾರದೆಂದು ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯ ಕಲಿಸುತ್ತದೆ. ತಲಾಕ್‌ನ ನಿಯಮಗಳನ್ನು ಬಾಯಿಪಾಠ ಹೇಳುವ ನಮ್ಮ ಗಂಡಸರಿಗೂ, ಸೊಸೆಯ ಪೆಟ್ಟಿಗೆ ಕಟ್ಟಿ ಕಳುಹಿಸುವ ನಮಗೂ ಈ ಮಾತು ಏಕೆ ನೆನಪಾಗುವುದಿಲ್ಲ?

ಆ ಹುಡುಗಿ ಹೊಲಿಗೆ ಯಂತ್ರವನ್ನು ಗುಜರಿಗೆ ಹಾಕಲಿಲ್ಲ. ಹೊಸ ಚಕ್ರ ಹಾಕಿಸಿದಳು. ಈಗ ಅದರಲ್ಲೇ ದುಡಿದು ತನ್ನ ಮಗನನ್ನು ಶಾಲೆಗೆ ಕಳುಹಿಸುತ್ತಿದ್ದಾಳೆ.